ಆನೆಯ ಮರೆ

"ಈ ಆನೆಯ ಮರೆ ಒಂದು ತೆಗೆದುಬಿಡಿ ಮೇಡಂ, ನಾಳೆಯೇ ಅಚ್ಚಿಗೆ ಕೊಡ್ತೀನಿ," ಎಂದು ದೀಕ್ಷಿತ್ ಕೈಯಲ್ಲಿದ್ದ ಇಸ್ಪೀಟಿನಂಥ ಎಲೆಗಳನ್ನು ಜಗಲಿಯ ಮೇಜಿನ ಮೇಲೆ ಹರವಿಬಿಟ್ಟ. ಮೈಸೂರಿನಲ್ಲಿ ಆಟದ ಪೆಟ್ಟಿಗೆ ಮಾಡಿಸಿ ಮಾರುವವನು ಅವನು. ಮೋನಿಷಾಳ ಆಟ ನೋಡಲೆಂದೇ ಸಿದ್ದಾಪುರದ ಈ ತೋಟದ ಮನೆಗೆ ಬಂದಿದ್ದ. ಬೆಳಗಿನಿಂದ ಆಡಿದ್ದಷ್ಟೂ ಆಟ ಆನೆ ಸಿಕ್ಕವರಿಗೇ ಒಲಿದಿತ್ತು.

ಮೋನಿಷಾ ಆನೆಯ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎರಡು ಮಳೆಗಾಲ ಪೂರ್ತಿ ಕೂತು ಒಂದೊಂದೇ ಎಲೆಗೆ ತಾನೇ ಬಣ್ಣ ಹಚ್ಚಿದವಳು. ಹಂದಿ, ಕಾಟಿ, ಚಿರತೆ, ಕೆನ್ನಾಯಿ, ಎಲ್ಲವೂ ಮುಖ ತೋರಿಸಿ ಕಣದಲ್ಲಿ ನಿಂತು ಕಾದಬೇಕು. ಯಾರ ಕಣ ಖಾಲಿಯಾಯಿತೋ ಅವರು ಸೋತಂತೆ. ಇಡೀ ಕಟ್ಟಿಗೆ ಇದ್ದದ್ದು ಒಂದೇ ಆನೆ, ಅದನ್ನು ಮಾತ್ರ ಕವುಚಿ ಇಡಬಹುದು. ಅದೇ ಮರೆ. ಮರೆಯಲ್ಲಿರುವ ಆನೆಯನ್ನು ಯಾರೂ ಮುಟ್ಟುವಂತಿಲ್ಲ. ಅದು ಮಾತ್ರ ಬೇಕಾದವರನ್ನು ಹೊಡೆದು ಮತ್ತೆ ಮರೆಗೆ ಸರಿಯಬಹುದು.

"ಮರೆ ಬೇಕೇ ಬೇಕು ಅಂದ್ರೆ ಚಿರತೆಗೆ ಕೊಡಿ," ಎಂದ ದೀಕ್ಷಿತ್. "ಅಷ್ಟು ದೊಡ್ಡ ಆನೆ ಅಡಗಿ ಕೂರತ್ತೆ ಅಂದ್ರೆ ಜನ ನಗ್ತಾರೆ."

"ನಗೋರು ಒಂದು ದಿನ ಇಲ್ಲಿ ಕಾಫಿ ಪಿಕ್ಕಿಂಗಿಗೆ ಬರಲಿ. ಗಿಡದ ಮಧ್ಯೆ ಕಿವಿ ಕೂಡ ಆಡಿಸದೆ ನಿಂತಿರ್ತದೆ. ಹತ್ತು ಮಾರು ಹತ್ತಿರಕ್ಕೆ ಹೋದ್ರೂ ಕಾಣೋದಿಲ್ಲ. ಮರೆ ಇಲ್ಲದ ಆನೆ ಸರ್ಕಸ್ಸಿನ ಆನೆ, ನಮ್ಮದಲ್ಲ."

"ಹಾಗಾದ್ರೆ ನಾನು ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ. ಎದುರಾಳಿಗೆ ಏನೂ ಮಾಡೋಕಾಗದ ಆಟ ಆಟವೇ ಅಲ್ಲ." ಮಾತು ಒರಟಾಗಿದ್ದರೂ ಸುಳ್ಳಾಗಿರಲಿಲ್ಲ. ಅದು ಮೋನಿಷಾಳಿಗೂ ಗೊತ್ತಿತ್ತು. ಎರಡು ವರ್ಷದ ಬಣ್ಣವೆಲ್ಲ ಬಸ್ಸು ಹತ್ತಿ ಹೋಗುವ ಹೊತ್ತು ಬಂದಿತ್ತು.

ಅಷ್ಟರಲ್ಲಿ ಇಳಿಜಾರಿನ ಕೆಳಗಿಂದ ಉದ್ದಕ್ಕೆ ಒಂದು ಕೂಗು ಎದ್ದಿತು: "ಕೂ... ಕೂ...!" ದೀಕ್ಷಿತ್ ಬೆಚ್ಚಿ ಎದ್ದು ನಿಂತ. "ಯಾರಿಗೇನಾಯ್ತು?"

"ಏನಾಗಿಲ್ಲ. ಅಮ್ಮ ದೇವರಕಾಡಲ್ಲಿ ದೀಪ ಹಚ್ಚಿ ಬರ್ತಿದ್ದಾರೆ."

"ನಿಮ್ಮನ್ನ ಕೂಗ್ತಿದ್ದಾರಾ?"

"ನನ್ನನ್ನಲ್ಲ, ಆನೆಯನ್ನ. ನಾನು ಬರ್ತಿದ್ದೇನೆ ಅಂತ ಹೇಳೋದು. ಇದ್ರೆ ಅದು ಸರಿದು ದಾರಿ ಬಿಡ್ತದೆ..." ಎಂದವಳು ಅಲ್ಲಿಗೇ ನಿಂತಳು. ನಡೆಯಲು ಕಲಿತಂದಿನಿಂದ ಅವಳೂ ಈ ದಾರಿಯಲ್ಲಿ ಕೂಗಿಕೊಂಡೇ ಬಂದವಳು. ಆಟ ಕಟ್ಟುವಾಗ ಆನೆ ಅಡಗುವುದನ್ನಷ್ಟೇ ತಂದಿದ್ದಳು. ಮನುಷ್ಯ ದಾರಿ ಕೇಳುವುದನ್ನು ದಾರಿಯಲ್ಲೇ ಬಿಟ್ಟಿದ್ದಳು. ದೇವರು ಕೊಡುವುದನ್ನು ಕೆಲವು ಸಲ ಅಮ್ಮನ ಗಂಟಲಲ್ಲಿ ಕೊಡುತ್ತಾನೆ.

"ಕೂತ್ಕೊಳ್ಳಿ," ಎಂದಳು. "ಒಂದೇ ಒಂದಾಟ. ಎದುರಿನವರು ತಮ್ಮ ಸರದಿಯ ಹೊಡೆತ ಬಿಟ್ಟುಕೊಟ್ಟು ಕೂಗಬಹುದು. ಕೂಗಿದ ಮೇಲೆ ಆನೆ ಮರೆಯಲ್ಲಿ ಇರುವ ಹಾಗಿಲ್ಲ. ಒಂದೋ ಎದ್ದು ಬಯಲಲ್ಲಿ ಎಲ್ಲರ ಹಾಗೆ ಕಾದಬೇಕು, ಇಲ್ಲಾಂದ್ರೆ ಒಂದು ಸುತ್ತು ಕಾಡಿಗೆ ಹೋಗಬೇಕು."

ಮೆಟ್ಟಿಲು ಹತ್ತಿ ಬಂದ ಸರೋಜ ಕಾಲು ತೊಳೆದು, ಮೇಜಿನ ಮೇಲಿದ್ದ ಆನೆಯ ಎಲೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟಿನೊಳಗೆ ಸೇರಿಸಿ, ಮಗಳ ಪಕ್ಕ ಕೂತರು. "ಕೂಗಿದ ಕೂಡಲೇ ಹೊಡೀಬಹುದಾ ಆನೆಗೆ?" ಎಂದು ದೀಕ್ಷಿತ್ ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟರು: "ಅಯ್ಯೋ, ಕೂಗೋದು ಹೊಡಿಲಿಕ್ಕಲ್ಲ ಮಾರಾಯ್ರೇ, ದಾರಿ ಕೇಳ್ಲಿಕ್ಕೆ."

ಆನೆ ಮೋನಿಷಾಳ ಪಾಲಿಗೆ ಬಂತು. ಕವುಚಿ ಇಟ್ಟಳು. ಅದು ದೀಕ್ಷಿತನ ಚಿರತೆಯನ್ನು ಕೆಡವಿತು, ಕಾಟಿಯನ್ನೂ ಕೆಡವಿತು. ಅವನು ತಲೆ ಕೆರೆದುಕೊಂಡು, ಆಚೀಚೆ ನೋಡಿ, ಮೆಲ್ಲಗೆ "ಕೂ" ಎಂದ.

"ಇದು ಆನೆಗಿರಲಿ, ಪಕ್ಕದ ಮನೆ ಕೋಳಿಗೂ ಕೇಳಿರಲಿಕ್ಕಿಲ್ಲ," ಎಂದರು ಸರೋಜ. ಅವನು ನಾಚಿಕೆ ಬಿಟ್ಟು ಕೂಗಿದ. ತೋಟದಾಚೆಯಿಂದ ಯಾರೋ ಮರುಕೂಗು ಕೊಟ್ಟರು.

ಮೋನಿಷಾ ತನ್ನ ಕಣ ನೋಡಿದಳು. ಆನೆ ಬಿಟ್ಟರೆ ಉಳಿದದ್ದು ಒಂದು ಹಂದಿ. ಆನೆ ಬಯಲಿಗೆ ಬಂದರೆ ಅವನ ಕೆನ್ನಾಯಿಗಳೆಲ್ಲ ಸೇರಿ ಮುಗಿಸುತ್ತವೆ. ಕಾಡಿಗೆ ಹೋದರೆ ಹಂದಿ ಒಂಟಿ. 'ಆನೆ ಒಮ್ಮೆ ಹೊಡೆದ ಮೇಲೆ ಕೂಗುವಂತಿಲ್ಲ' ಎಂದು ಈಗಲೇ ಒಂದು ಮಾತು ಸೇರಿಸಿದರೂ ಸಾಕಿತ್ತು. ಆಟ ಅವಳದೇ, ನಿಯಮವೂ ಅವಳದೇ. ಅಮ್ಮ ಅವಳ ಮುಖವನ್ನೇ ನೋಡುತ್ತಿದ್ದರು. ಮೋನಿಷಾ ಆನೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣದಾಚೆ ಇಟ್ಟಳು. ಅವಳ ಹಂದಿ ಅವನೊಂದು ಕೆನ್ನಾಯಿಯನ್ನು ಕೆಡವಿತು. ಮರುಸರದಿಗೆ ಉಳಿದ ಕೆನ್ನಾಯಿಗಳು ಹಂದಿಯ ಮೇಲೆ ಬಿದ್ದವು. ಕಣ ಖಾಲಿಯಾಯಿತು.

"ಗೆದ್ದೆ!" ಎಂದು ದೀಕ್ಷಿತ್ ಮೇಜು ಗುದ್ದಿದ. ಆಮೇಲೆ ಆನೆಯ ಎಲೆಯನ್ನು ಎತ್ತಿ ಮತ್ತೆ ಮೇಜಿನ ಮೇಲೆ ಕವುಚಿ ಇಟ್ಟ. "ಇದು ಆಟ. ಮರೆ ಇರಲಿ ಮೇಡಂ, ಆನೆಗೇ ಇರಲಿ. ಒಂದು ಗೆರೆಯನ್ನೂ ಬದಲಿಸೋದಿಲ್ಲ." ಮೋನಿಷಾ ತಾನೇ ಗೆದ್ದವಳ ಹಾಗೆ ನಕ್ಕಳು.

"ಸೋತು ಹೀಗೆ ಬೀಗೋರನ್ನ ನಾನು ನೋಡೇ ಇಲ್ಲ ಕೂಸೇ," ಎಂದು ಸರೋಜ ಮಗಳ ಬೆನ್ನಿಗೊಂದು ಬಿಟ್ಟರು. ಆ ಕೈ ಅಲ್ಲೇ ಉಳಿಯಿತು.

ದೀಕ್ಷಿತ್ ಎಲೆಗಳನ್ನು ಜೋಡಿಸಿ ಚೀಲಕ್ಕೆ ಹಾಕುತ್ತಾ ಕೇಳಿದ: "ಪೆಟ್ಟಿಗೆ ಮೇಲೆ ನಮ್ಮ ಅಂಗಡಿ ಹೆಸರು ಹಾಕ್ತೀವಿ. ನಿಮ್ಮದು ಒಳಗಡೆ ಎಲ್ಲಾದರೂ ಸಣ್ಣದಾಗಿ ಬಂದ್ರೆ ಸಾಕಲ್ವಾ?"

"ಸಾಲದು," ಎಂದಳು ಮೋನಿಷಾ. "ಮೇಲೆ, ಆನೆಯ ಚಿತ್ರಕ್ಕಿಂತ ದೊಡ್ಡದಾಗಿ ಹಾಕಿ. ಮರೆ ಇರೋದು ಆನೆಗೆ ಮಾತ್ರ."