ಭಾನುವಾರ ಊಟದ ಹೊತ್ತಿಗೆ ಬನ್ನಿ

"ಎಳೆತ ಕೊಡಿ, ಅಮ್ಮಾವ್ರೇ. ಕೋಣೆ ನೋಡೋಕೆ ಬಂದಿದೀನಿ."

ಗೋಡೆಯ ಫೋನಿನಲ್ಲಿ ದನಿ ಕೇಳಿದ್ದೇ ತಡ, ಆರ್ಜಿಯಾ ಗುಂಡಿ ಒತ್ತಿದಳು. ಮೂರು ಅಂತಸ್ತು ಕೆಳಗೆ ಬೀದಿಬಾಗಿಲು ಕಟಕ್ಕೆಂದು ತೆರೆಯಿತು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು. ಈ ಮನುಷ್ಯ ಮೊನ್ನೆ ಫೋನ್ ಮಾಡಿದಾಗ ತನ್ನೂರು ತ್ರಿಯೆಸ್ತೆ ಎಂದಿದ್ದ. ಈ ಬೊಲೋನ್ಯಾ ಊರಿನ ಮುಖವನ್ನೇ ಕಂಡವನಲ್ಲ, ಊಟ ಚೆನ್ನಾಗಿರುವ ಮನೆಯಲ್ಲಿ ಮಾತ್ರ ಉಳಿಯುವವನು ಎಂದೂ ಹೇಳಿಕೊಂಡಿದ್ದ.

ನಿನ್ನೆಯಷ್ಟೇ ಬ್ರೆಡ್ ಅಂಗಡಿಯ ಝೈರಾ ಎಚ್ಚರಿಸಿದ್ದಳು. "ಹುಷಾರು ಕಣೇ! ಒಬ್ಬ ಮುದುಕ ಪೆಟ್ಟಿಗೆ ಹಿಡ್ಕೊಂಡು ಮನೆಮನೆ ಸುತ್ತುತಾನಂತೆ. ಕೋಣೆ ನೋಡ್ತೀನಿ ಅಂತಾನೆ, ಹೊಟ್ಟೆ ಬಿರಿಯೋ ಹಾಗೆ ಉಣ್ತಾನೆ, ಯೋಚಿಸಿ ಹೇಳ್ತೀನಿ ಅಂತ ಕಾಲು ಕೀಳ್ತಾನೆ. ನಮ್ಮ ನಾದಿನಿ ಮನೇಲೂ ಕೋಳಿ ಮುಗಿಸಿ ಹೋದ. ಬಿಟ್ಟಿ ಊಟದ ಗಿರಾಕಿ!"

"ಬರಲಿ, ವಿಚಾರಿಸ್ಕೊಳ್ತೀನಿ," ಎಂದಿದ್ದಳು ಆರ್ಜಿಯಾ.

ಆ ಅಂಗಡಿಯ ಗಾಜಿಗೇ ಅವಳು ಚೀಟಿ ಅಂಟಿಸಿದ್ದು. 'ರುಚಿ ಬಲ್ಲವರಿಗೆ ಕೋಣೆ. ಮಾರುಕಟ್ಟೆ ಹತ್ತಿರ. ಭಾನುವಾರ ಊಟದ ಹೊತ್ತಿಗೆ ಬನ್ನಿ.' ಚಳಿಗಾಲವೆಲ್ಲ ಜನ ಬಂದರು, ಉಂಡರು, ಹೋದರು. ಒಬ್ಬರೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ಆರ್ಜಿಯಾಗೇ ಯಾರೂ ಒಪ್ಪಿಗೆಯಾಗುತ್ತಿರಲಿಲ್ಲ. ಜರ್ಮನಿಯ ಮೇಷ್ಟರಿಗೆ ಲಿಫ್ಟ್ ಇಲ್ಲವೆಂದಳು. ಅಡುಗೆ ಕಲಿಯಲು ಬಂದಿದ್ದ ಹುಡುಗಿಗೆ ಚರ್ಚಿನ ಗಂಟೆ ನಿದ್ದೆಗೆಡಿಸುತ್ತದೆಂದು ಹೆದರಿಸಿದಳು. ಗಂಡ ಸತ್ತ ಮನೆಯಲ್ಲಿ ಬೇರೆಯವರಿಗೆ ಜಾಗ ಬಿಡುವುದೆಂದರೆ ಸುಮ್ಮನೆಯೇ?

ಆದರೂ ಮೇಜಿನ ಆಚೆಯ ಕುರ್ಚಿ ಖಾಲಿಯಿರುವುದನ್ನು ಅವಳ ಕೈಲಿ ನೋಡಲಾಗುತ್ತಿರಲಿಲ್ಲ. ಒಬ್ಬಳಿಗೆಂದು ಯಾರು ತಾನೇ ಹಿಟ್ಟು ಲಟ್ಟಿಸಿ, ಮಾಂಸ ತುಂಬಿ, ಬೆರಳಿಗೆ ಸುತ್ತಿ ಒಂದೊಂದೇ ಟೊರ್ಟೆಲ್ಲಿನಿ ಮಡಚುತ್ತಾರೆ? ವಾರವಿಡೀ ಬ್ರೆಡ್ಡು, ಗಿಣ್ಣು. ಭಾನುವಾರ ಮಾತ್ರ ಒಲೆಗೆ ಜೀವ.

ಮುದುಕ ಬಂದ. ಹೆಸರು ಇವಾನೊ. ಕೋಟು ಹಳೆಯದು, ಇಸ್ತ್ರಿ ಹೊಸದು. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಎರಡೇ ಬೆರಳಲ್ಲಿ ತೂಗಾಡಿಸುತ್ತ ಮೂರಂತಸ್ತು ಹತ್ತಿದರೂ ಉಸಿರು ಏರಿರಲಿಲ್ಲ.

"ಕೋಣೆ ಆ ಕೊನೇದು," ಎಂದಳು ಆರ್ಜಿಯಾ, ಮನೆಯೊಳಗಿನ ಓಣಿಯ ತುದಿಯ ಬೀಗ ಹಾಕಿದ ಬಾಗಿಲು ತೋರಿಸಿ. "ಮೊದ್ಲು ಉಣ್ಣಿ. ಸಾರು ಆರಿದ್ರೆ ಕೆಟ್ಟೋಗುತ್ತೆ."

"ಹೌದೌದು, ಕೋಣೆ ಎಲ್ಲಿ ಓಡಿಹೋಗುತ್ತೆ?" ಎಂದ ಅವನು. ಆ ಬಾಗಿಲಿನತ್ತ ತಿರುಗಿಯೂ ನೋಡಲಿಲ್ಲ.

ಸಾರಿನಲ್ಲಿ ತೇಲುವ ಟೊರ್ಟೆಲ್ಲಿನಿ ಬಡಿಸಿ, ಅವಳು ಮುಗ್ಧೆಯಂತೆ ಕೇಳಿದಳು. "ಮೇಲೆ ಒಂಚೂರು ಕೆನೆ ಹಾಕ್ಲಾ? ಹೊರಗಿನೋರು ಇಷ್ಟಪಡ್ತಾರೆ."

"ಅಯ್ಯಯ್ಯೋ, ಕೆನೆನಾ!" ಇವಾನೊ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದ. "ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ!"

ಆರ್ಜಿಯಾ ಸೌಟು ಕೆಳಗಿಟ್ಟಳು. "ತ್ರಿಯೆಸ್ತೆ ಜನ ಬಾಗಿಲು ತೆಗೀರಿ ಅಂತಾರೆ, ಯಜಮಾನ್ರೇ. ಎಳೆತ ಕೊಡಿ ಅಂತ ಯಾರೂ ಅನ್ನಲ್ಲ."

ಅವನ ಚಮಚ ಅರ್ಧದಲ್ಲೇ ನಿಂತಿತು. ಅಜ್ಜಂದಿರ ಕಾಲದಲ್ಲಿ ಮೇಲಿನ ಮನೆಯಿಂದ ಹಗ್ಗ ಎಳೆದರೆ ಬೀದಿಬಾಗಿಲಿನ ಚಿಲಕ ಜಾರುತ್ತಿತ್ತು. ಹಗ್ಗ ಹೋಗಿ ಗುಂಡಿ ಬಂತು. ಬೊಲೋನ್ಯಾದವರ ಬಾಯಲ್ಲಿ ಮಾತ್ರ ಎಳೆತ ಹಾಗೇ ಉಳಿಯಿತು. ಪರವೂರಿನವನಿಗೆ ಅದರ ತಲೆಬುಡ ತಿಳಿಯದು.

"ಮನೆ ಎಲ್ಲಿ?"

"ಇಲ್ಲೇ. ಕಾಲುವೆ ದಾಟಿದ್ರೆ ಸಿಗುತ್ತೆ," ಎಂದ ಇವಾನೊ ತಲೆ ತಗ್ಗಿಸಿ.

"ಪೆಟ್ಟಿಗೇಲಿ?"

"ಏನಿಲ್ಲ, ಅಮ್ಮಾವ್ರೇ. ಖಾಲಿ."

ಝೈರಾ ಹೇಳಿದ ಬೈಗುಳವೆಲ್ಲ ಆರ್ಜಿಯಾಳ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನೇ ಬಾಯಿಬಿಟ್ಟ.

"ಹೆಂಡ್ತಿ ಹೋದ್ಮೇಲೆ ಒಲೆ ಮುಂದೆ ನಿಂತ್ಕೊಂಡೇ ಉಣ್ತೀನಿ. ಹೋಟ್ಲಿಗೆ ಹೋದ್ರೆ ಒಬ್ರೇನಾ ಅಂತ ಕೇಳಿ, ಎದುರಿನ ತಟ್ಟೆ ಎತ್ಕೊಂಡು ಹೋಗ್ಬಿಡ್ತಾರೆ. ಅದನ್ನ ನೋಡೋಕಾಗಲ್ಲ. ಕೋಣೆ ನೋಡೋಕೆ ಅಂತ ಹೋದ್ರೆ ಯಾರೋ ಎದುರಿಗೆ ಕೂತು, ಇನ್ನೊಂಚೂರು ಹಾಕ್ಲಾ ಅಂತಾರೆ. ಅಷ್ಟಕ್ಕೇ ಸುಳ್ಳು ಹೇಳ್ದೆ. ತಪ್ಪಾಯ್ತು."

ಅವನು ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ತಟ್ಟೆಯಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಆ ಖಾಲಿ ಪೆಟ್ಟಿಗೆಗೆ ಅವನು ಕೈ ಹಾಕಿದ. ಈತ ಹೊಸ್ತಿಲು ದಾಟಿದರೆ ಮತ್ತೆಂದೂ ಬರುವುದಿಲ್ಲ. ಆ ಕುರ್ಚಿ ಮತ್ತೆ ಖಾಲಿ.

"ನಿಂತ್ಕೊಳ್ರೀ!" ಎಂದಳು. ದನಿ ಜೋರಾಗಿಯೇ ಬಂತು. "ಇಷ್ಟೆಲ್ಲ ಉಂಡು ಕೋಣೆ ನೋಡ್ದೆ ಹೋಗ್ತೀರಾ?"

"ಯಾಕೆ ಅಣಕಿಸ್ತೀರಿ, ತಾಯಿ?"

ಅವಳು ಏಪ್ರನ್ನಿನ ಜೇಬಿನಿಂದ ಬೀಗದ ಕೈ ತೆಗೆದು ಓಣಿಯ ತುದಿಗೆ ನಡೆದಳು. ಚಳಿಗಾಲವೆಲ್ಲ ಯಾರಿಗೂ ತೆರೆಯದ ಬಾಗಿಲು. ಅವಳು ಬೀಗ ತಿರುಗಿಸಿದಳು. ಇವಾನೊ ಪೆಟ್ಟಿಗೆ ಹಿಡಿದುಕೊಂಡೇ ಬಂದು ಅವಳ ಭುಜದ ಮೇಲಿಂದ ಇಣುಕಿದ.

ಒಳಗೆ ಎರಡು ಪೊರಕೆ, ಒಂದು ಬಕೆಟ್ಟು, ಇಸ್ತ್ರಿ ಹಲಗೆ. ಒಬ್ಬರು ನಿಲ್ಲುವಷ್ಟೂ ಜಾಗವಿರಲಿಲ್ಲ.

"ನನ್ನ ಹತ್ರ ಕೋಣೆ ಯಾವತ್ತೂ ಇರ್ಲಿಲ್ಲ ಕಣ್ರೀ," ಎಂದಳು ಆರ್ಜಿಯಾ. "ಬನ್ನಿ, ಇನ್ನೊಂಚೂರು ಹಾಕ್ತೀನಿ."