ಗೋಡೆಯ ಮೇಲಿನ ಠ

ರಾಗಿ ಸರಿಗೆ ಕಿವುಚಿದ ಬಾಳೆಹಣ್ಣಿನ ವಾಸನೆ ಬಂದರೆ ಇಂದಿಗೂ ನಾನು ಎದ್ದು ಆಚೆ ಹೋಗುತ್ತೇನೆ.

ಆಗ ನಾವು ಚೆನ್ನೈನ ವೇಲಚೇರಿಯಲ್ಲಿದ್ದೆವು. ಅಮ್ಮ ನಮ್ಮನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದಳು. ಅಂದು ಮಧ್ಯಾಹ್ನ ನನಗೆ ಭಾಗಾಕಾರ ಹೇಳಿಕೊಡುತ್ತಲೇ ಎರಡೂವರೆ ವರ್ಷದ ಅವಳಿ ತಮ್ಮಂದಿರಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. ಅವರಲ್ಲಿ ಚಿಕ್ಕವನು ತಿಂದದ್ದನ್ನೆಲ್ಲ ಚಾಪೆಯ ಮೇಲೆ ಕಕ್ಕಿದ. ದೊಡ್ಡವನು ಆ ಬೆಚ್ಚಗಿನ ಲೋಳೆಯಲ್ಲಿ ಬೆರಳದ್ದಿ, ಗೋಡೆಯ ಮೇಲೆ ಒಂದು ಸುತ್ತು ಎಳೆದು, ನಡುವೆ ಚುಕ್ಕೆಯಿಟ್ಟು, “ಅಮ್ಮಾ, ಪಾರು, ಠ!” ಎಂದು ಅಮ್ಮನನ್ನೂ ನನ್ನನ್ನೂ ಕೂಗಿದ.

ಮೈಸೂರಿನಿಂದ ಬಂದಿದ್ದ ಅಪ್ಪನ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. “ಥೂ, ಅಸಹ್ಯ! ಇದೇನಮ್ಮ ನಿನ್ನ ಪಾಠ? ಮನೆಯೆಲ್ಲ ನಾರ್ತಿದೆ. ಸುಮ್ನೆ ಸ್ಕೂಲಿಗೆ ಹಾಕು.”

“ಅತ್ತೆ, ತಾನಾಗೇ ಬರ್ದಿದಾನೆ, ನೋಡಿ” ಎಂದ ಅಮ್ಮ, ಅವನ ಆ ಅಂಟುಗೈಗೇ ಮುತ್ತಿಟ್ಟಳು. ನಾನು ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದೆ.

ಚಾಪೆ ತೊಳೆದದ್ದಾಯಿತು, ತಮ್ಮಂದಿರಿಗೆ ಸ್ನಾನವೂ ಆಯಿತು. ಆದರೆ ಅಪ್ಪ ಆಫೀಸಿನಿಂದ ಬಂದು ನೋಡುವವರೆಗೆ ಗೋಡೆ ಒರೆಸಲು ಅಮ್ಮ ಯಾರನ್ನೂ ಬಿಡಲಿಲ್ಲ. ಅಂದೂ ಅಪ್ಪ ತಡವಾಗಿಯೇ ಬಂದರು. ಅಷ್ಟರಲ್ಲಿ ನಾನು ಗೋಡೆಗೆ ಬೆನ್ನು ಹಾಕಿ ಕುಳಿತು, ಉಸಿರು ಬಿಗಿಹಿಡಿದು, ಮೊಸರನ್ನ ನುಂಗಿ ಮುಗಿಸಿದ್ದೆ.