ನಡುವೆ ತಿರುಗುವ ಹಲಗೆ

"ಹುಡುಗೀನೇ ಊಟಕ್ಕೆ ಕೂತ್ಬಿಟ್ರೆ ಬಡಿಸೋರು ಯಾರಮ್ಮಾ?" ಮಗನಿಗೆ ಹೆಣ್ಣು ನೋಡಲು ಮಾದಿಹಳ್ಳಿಯಿಂದ ಬಂದಿದ್ದ ಪುಟ್ಟಯ್ಯ ನಗುತ್ತಲೇ ಕೇಳಿದರು. ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದ ದಿವ್ಯಶ್ರೀ ಏಳಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ, ಸಂಬಂಧ ತಪ್ಪಿಹೋದೀತೆಂದು ಕಣ್ಸನ್ನೆಯಲ್ಲೇ ಬೇಡಿಕೊಂಡಳು.

"ಮೇಜೇ ಬಡಿಸ್ತೈತೆ ಕಣ್ರೀ," ಎಂದರು ಅಜ್ಜಿ ವಸಂತಮ್ಮ. ಗಂಡಸರು ಉಂಡು ಕೈ ತೊಳೆದ ಮೇಲೆ ಉಳಿದ ತಣ್ಣನೆಯ ಅನ್ನ ತಿಂದು ತಿಂದು ಸಾಕಾಗಿ, ನಲವತ್ತು ವರ್ಷದ ಹಿಂದೆ ಅವರೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿ, ಅರಸೀಕೆರೆಯ ಬಡಗಿಯಿಂದ ಮಾಡಿಸಿದ ಹಲಸಿನ ಮರದ ದುಂಡು ಮೇಜು ಅದು. ನಡುವೆ ಪಾತ್ರೆಗಳನ್ನು ಹೊತ್ತು ತಿರುಗುವ ಇನ್ನೊಂದು ಹಲಗೆಯಿತ್ತು. ಅದಿದ್ದರೆ ಯಾರೂ ನಿಂತು ಬಡಿಸಬೇಕಿರಲಿಲ್ಲ.

ದಿವ್ಯಶ್ರೀ ಒಂದೇ ಬೆರಳಲ್ಲಿ ಹಲಗೆಯನ್ನು ನೂಕಿದಳು. ಸಾರಿನ ಪಾತ್ರೆ ಸುತ್ತಿ ಬಂದು ಪುಟ್ಟಯ್ಯನವರ ಎದುರು ನಿಂತಿತು. "ಹಾಕ್ಕೊಳ್ಳಿ, ಆರೋಗುತ್ತೆ," ಎಂದಳು.

ಪುಟ್ಟಯ್ಯ ಸೌಟು ಮುಟ್ಟಲಿಲ್ಲ. ಕುರ್ಚಿಯ ಹಿಂದೆ ನಿಂತಿದ್ದ ಹೆಂಡತಿಯತ್ತ ತಿರುಗಿ, "ಏನೇ ನೋಡ್ತಾ ನಿಂತಿದ್ದೀಯ? ನೀನಾದ್ರೂ ಬಡಿಸು," ಎಂದು ಗದರಿದರು.

ಆಕೆ ಮುಂದೆ ಬಂದರು. ದಿವ್ಯಶ್ರೀಯ ಪಕ್ಕದ ಕುರ್ಚಿ ಎಳೆದು ಕೂತು, ಬಿಸಿ ಸಾರಿನ ಪಾತ್ರೆಯನ್ನು ಮೆಲ್ಲಗೆ ತಮ್ಮ ಕಡೆಗೆ ತಿರುಗಿಸಿಕೊಂಡರು.